ಪಟ್ಟಿ ಬಗ್ಗುತ್ತದೆ, ಅಂಚು ಬಗ್ಗುವುದಿಲ್ಲ

ಕಟ್ಟಿಗೆಯ ಮಾದರಿ ಹಡಗಿನ ಕಿಟ್ ಕೊಳ್ಳುವವರು ಡಬ್ಬದ ಮೇಲಿನ ಚಿತ್ರ ನೋಡಿ ಕೊಳ್ಳುತ್ತಾರೆ. ಚಿತ್ರದಲ್ಲಿ ಕಣ್ಣು ಹೋಗುವುದು ಪಟಸ್ತಂಭ, ಹಾಯಿ, ಹಗ್ಗ, ಹಿತ್ತಾಳೆಯ ಪುಟ್ಟ ತೋಪಿನ ಕಡೆಗೆ. ಒಡಲೂ ಅಲ್ಲೇ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಡಬ್ಬ ಬಿಚ್ಚಿದ ಮೇಲೆ ಗೊತ್ತಾಗುತ್ತದೆ, ಒಡಲು ಅನ್ನುವುದು ಅದರೊಳಗೆ ಇಲ್ಲವೇ ಇಲ್ಲ ಅಂತ. ಇರುವುದು ಲೇಸರ್‌ನಲ್ಲಿ ಕತ್ತರಿಸಿದ ಒಂದಿಷ್ಟು ಪ್ಲೈವುಡ್ ತುಂಡು. ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಉದ್ದನೆಯ ಪಟ್ಟಿಗಳ ಎರಡು ಕಟ್ಟು. ಆ ಸಪಾಟು ಪಟ್ಟಿಗಳಿಂದ ದುಂಡನೆಯ ಹೊಟ್ಟೆ ನಾವೇ ಮಾಡಿಕೊಳ್ಳಬೇಕು.

ಅರ್ಧಕ್ಕೆ ಬಿಟ್ಟ ಕಿಟ್‌ಗಳು ಆಗಾಗ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುತ್ತವೆ. ಅವುಗಳ ಫೋಟೊ ನೋಡುವುದು ನನಗೊಂದು ಚಟ. ಹಗ್ಗ ಕಟ್ಟುವಾಗ ಸುಸ್ತಾಗಿ ಬಿಟ್ಟವು ನನ್ನ ಕಣ್ಣಿಗೆ ಅಪರೂಪ. ಜಾಸ್ತಿ ಕಾಣುವುದು ಎಲುಬಿನ ಗೂಡಿನ ಮೇಲೆ ಏಳೆಂಟು ಪಟ್ಟಿ ಅಂಟಿಸಿ, ಮೂತಿಯ ಹತ್ತಿರ ಪಟ್ಟಿಗಳು ಒಂದರ ಮೇಲೊಂದು ಏರಿ ಕುಳಿತು, ಅಲ್ಲಿಗೇ ಕೈ ಬಿಟ್ಟ ಒಡಲುಗಳು. ಯಾಕೆ ಅಲ್ಲೇ ಬಿಡುತ್ತಾರೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಎಲ್ಲರೂ ಕಟ್ಟಿಗೆ ಬಗ್ಗಿಸುವುದೇ ಕಷ್ಟ ಅಂದುಕೊಂಡು ಶುರು ಮಾಡುತ್ತಾರೆ. ಬಗ್ಗಿಸುವುದು ಕಷ್ಟವೇ ಅಲ್ಲ. ಕಷ್ಟ ಇರುವುದು ಪಟ್ಟಿಯನ್ನು ಎಲ್ಲಿ ಎಷ್ಟು ಸಣ್ಣ ಮಾಡಬೇಕು ಅಂತ ಮೊದಲೇ ಲೆಕ್ಕ ಹಾಕುವುದರಲ್ಲಿ. ಕಿಟ್ ಜೊತೆ ಬರುವ ಪುಸ್ತಿಕೆ ಈ ಲೆಕ್ಕಕ್ಕೆ ಕೊಡುವುದು ಒಂದು ಸಾಲು, ಒಂದು ಚಿತ್ರ. ಹಗ್ಗದ ಗಂಟುಗಳಿಗೆ ಮಾತ್ರ ಪುಟಗಟ್ಟಲೆ ಜಾಗ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ನಮಗೂ ಸಮುದ್ರಕ್ಕೂ ಸಂಬಂಧ ಇಲ್ಲ, ನೀರಿಗೂ ನಮಗೂ ಮಾತ್ರ ಚೆನ್ನಾಗಿಯೇ ಇದೆ. ಆಲಮಟ್ಟಿ ಜಲಾಶಯ ಪೂರ್ತಿ ತುಂಬಿದರೆ ನೀರಿನ ಮಟ್ಟ 519.60 ಮೀಟರ್. ಆಗ ಘಟಪ್ರಭೆಯ ಕಡೆಯಿಂದ ಹಿನ್ನೀರು ಹಳೇ ಬಾಗಲಕೋಟೆಯ ಅಂಚಿಗೆ ಬಂದು ನಿಲ್ಲುತ್ತದೆ. ಮುಳುಗಿದ ಓಣಿಗಳ ಜನ ಎದ್ದು ಬಂದದ್ದರಿಂದಲೇ ನವನಗರ ಆಯಿತು. ಹೀಗಾಗಿ ಇಲ್ಲಿ ಮಾದರಿ ಹಡಗು ಕಟ್ಟುತ್ತೇನೆ ಅಂದರೆ ಜನ ನಗುವುದೇನಿಲ್ಲ, ಆದರೆ ಒಂದು ಪ್ರಶ್ನೆ ಮಾತ್ರ ತಪ್ಪದೇ ಕೇಳುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ಬಡಿಗರಿದ್ದಾರೆ. ಚಕ್ಕಡಿ ಗಾಲಿ ಮಾಡಿ, ಹಳಿ ಕಾಯಿಸಿ ಕೂಡಿಸಿದ ಕೈ ಅವರದು. ಈಗ ಬಾಗಿಲು, ಕಿಟಕಿ ಅಷ್ಟೇ. ನಾನು ವರಾಂಡದಲ್ಲಿ ಕೂತಿದ್ದಾಗ ಕಾಂಪೌಂಡ್ ಆಚೆಯಿಂದಲೇ ನೋಡಿ ಒಳಗೆ ಬಂದರು.

"ಏನ್ ಸರ, ಇದನ್ನ ನೀರಾಗ ಬಿಡಾಕೇನ್ರಿ?"

"ಇಲ್ಲ ಕಾಕಾ, ಸುಮ್ನ ಮನ್ಯಾಗ ಇಡಾಕ."

"ಇಡಾಕ ಇಷ್ಟ್ಯಾಕ ಒದ್ದಾಡ್ತೀರಿ? ಒಳಗ ಟೊಳ್ಳು ಬ್ಯಾಡ ಅಂದ್ರ ಒಂದ ತುಂಡು ಕಟ್ಟಿಗಿ ತಗೊಂಡು ಕೆತ್ತಿದ್ರ ಆತಲ್ಲ."

ಮಾತು ಸರಿಯೇ. ಇಡೀ ತುಂಡಿನಲ್ಲಿ ಒಡಲು ಕೆತ್ತುವ ಪದ್ಧತಿ ಇದೆ, ಚೆನ್ನಾಗಿಯೂ ಬರುತ್ತದೆ. ಹಾಗೆ ಮಾಡಿದರೆ ಹೊರಗಿನ ಆಕಾರ ಮಾತ್ರ ಸಿಗುತ್ತದೆ. ಹಲಗೆಗಳು ಆ ಆಕಾರಕ್ಕೆ ಹೇಗೆ ಬಂದವು ಅನ್ನುವುದು ಸಿಗುವುದಿಲ್ಲ. ನನಗೆ ಬೇಕಾಗಿದ್ದು ಅದು. ಕಾಕಾ ಒಂದು ಪಟ್ಟಿ ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ನಾರು ಅಡ್ಡ ಹೊಂಟೈತಿ, ಇದು ಮುರಿತೈತಿ" ಅಂತ ಬದಿಗಿಟ್ಟರು. ಹಾಗೇ ಪೂರ್ತಿ ಕಟ್ಟು ಬಿಚ್ಚಿ ಒಳ್ಳೆಯದು, ಕೆಟ್ಟದ್ದು ಅಂತ ಎರಡು ಗುಂಪು ಮಾಡಿ ಕೊಟ್ಟರು. ಪುಸ್ತಿಕೆಯಲ್ಲಿ ಈ ಮಾತೇ ಇಲ್ಲ. ನಾರು ಉದ್ದಕ್ಕೆ ನೆಟ್ಟಗೆ ಓಡಿದ ಪಟ್ಟಿಗಳು ಮೂತಿಯ ತಿರುವಿಗೆ, ಉಳಿದವು ನಡುವಿನ ನೇರ ಜಾಗಕ್ಕೆ. ಇಷ್ಟು ಮಾಡಿದರೆ ಪಟ್ಟಿ ಮುರಿಯುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಮೊದಲು ಗೂಡು. ನಡುವೆ ಬೆನ್ನೆಲುಬಿನ ಹಾಗೆ ಒಂದು ಉದ್ದ ಪ್ಲೈವುಡ್, ಅದರ ಕಚ್ಚುಗಳಲ್ಲಿ ಅಡ್ಡಡ್ಡ ಪಕ್ಕೆಲುಬುಗಳು. ಬೆನ್ನೆಲುಬು ನೆಟ್ಟಗಿದೆಯಾ ನೋಡಬೇಕು, ಪಕ್ಕೆಲುಬು ಅದಕ್ಕೆ ಕಾಟಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ, ಇದೆಯಾ ನೋಡಬೇಕು. ಲೇಸರ್ ಸುಟ್ಟ ಕಪ್ಪು ಅಂಚನ್ನು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಫೆವಿಕಾಲ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಇದೆಲ್ಲ ಯಾರು ಬೇಕಾದರೂ ಮಾಡಬಹುದಾದ ಕೆಲಸ, ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಆಮೇಲೆ ಬರುವುದು ಪಕ್ಕೆಲುಬುಗಳ ಅಂಚನ್ನು ಓರೆಯಾಗಿ ಉಜ್ಜುವುದು. ನಡುವಿನ ಪಕ್ಕೆಲುಬುಗಳ ಮೇಲೆ ಪಟ್ಟಿ ನೇರವಾಗಿ ಕೂರುತ್ತದೆ. ಮೂತಿಗೆ ಹೋದಂತೆ ಒಡಲು ಒಳಕ್ಕೆ ತಿರುಗುತ್ತದೆ. ಅಲ್ಲಿನ ಪಕ್ಕೆಲುಬಿನ ಅಂಚನ್ನು ಹಾಗೇ ಬಿಟ್ಟರೆ ಪಟ್ಟಿ ಅದರ ಒಂದು ಮೂಲೆಗೆ ಮಾತ್ರ ತಾಗುತ್ತದೆ, ಉಳಿದದ್ದು ಗಾಳಿಯಲ್ಲಿ. ಅಂಟು ಹಚ್ಚುವುದು ಎಲ್ಲಿಗೆ? ಹಾಗಾಗಿ ಪಾಲಿಶ್ ಪೇಪರನ್ನು ಸಪಾಟು ಕಟ್ಟಿಗೆಗೆ ಸುತ್ತಿಕೊಂಡು, ಒಂದೇ ಸಲ ಎರಡು ಮೂರು ಪಕ್ಕೆಲುಬಿನ ಮೇಲೆ ಹಾಯುವಂತೆ ಉಜ್ಜಬೇಕು. ನಡುನಡುವೆ ಒಂದು ಪಟ್ಟಿಯನ್ನು ಅಂಟಿಸದೆ ಸುಮ್ನೆ ಇಟ್ಟು ನೋಡಬೇಕು. ಅದು ಒಂದು ಪಕ್ಕೆಲುಬಿನ ಮೇಲೆ ತೊಟ್ಟಿಲಾಡಿದರೆ ಅಲ್ಲಿ ಉಬ್ಬು ಇದೆ, ಉಜ್ಜಿ. ಕೆಳಗೆ ಸಂದು ಕಂಡರೆ ಅಲ್ಲಿ ತಗ್ಗು ಇದೆ, ತೆಳ್ಳನೆ ಚೂರು ಅಂಟಿಸಿ. ಪಟ್ಟಿಯ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದಾಗ ಅದು ಮೂತಿಯಿಂದ ಹಿಂಭಾಗದವರೆಗೆ ಎಲ್ಲೂ ತಡವರಿಸದೆ ಹೋಗಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಎರಡು ಪದರ ಹಲಗೆ, ಒಂದು ಡಬ್ಬಿ ಪುಟ್ಟಿ ಹಾಕಿದರೂ ಅದು ಮುಚ್ಚುವುದಿಲ್ಲ.

ಈಗ ಲೆಕ್ಕ. ನನ್ನ ಕಿಟ್ 1:50 ಅಳತೆಯ, ಎರಡು ಪಟಸ್ತಂಭದ ಸ್ಕೂನರ್ ಅನ್ನುವ ಹಾಯಿ ಹಡಗು. ಪಟ್ಟಿಯ ಅಗಲ 5 ಮಿಲಿಮೀಟರ್, ಅಂದರೆ ನಿಜ ಹಡಗಿನಲ್ಲಿ 25 ಸೆಂಟಿಮೀಟರ್ ಅಗಲದ ಹಲಗೆ. ಒಂದು ಕಾಗದದ ಚೂರನ್ನು ನಡುವಿನ ಪಕ್ಕೆಲುಬಿನ ಮೇಲೆ, ಡೆಕ್ಕಿನಿಂದ ಕೆಳಗಿನ ಬೆನ್ನೆಲುಬಿನವರೆಗೆ ಸುತ್ತಿ ಗುರುತು ಹಾಕಿ. 100 ಮಿಲಿಮೀಟರ್ ಬಂತು ಅಂತಿಟ್ಟುಕೊಳ್ಳಿ. ಅಲ್ಲಿಗೆ 20 ಪಟ್ಟಿ ಬೇಕು. ಅದೇ ಕಾಗದವನ್ನು ಮೂತಿಯ ಹತ್ತಿರ ಸುತ್ತಿ ನೋಡಿ. 60 ಮಿಲಿಮೀಟರ್ ಮಾತ್ರ. ಅದೇ 20 ಪಟ್ಟಿ ಇಲ್ಲಿ ಹಿಡಿಸಬೇಕು ಅಂದರೆ ಒಂದೊಂದೂ 3 ಮಿಲಿಮೀಟರ್‌ಗೆ ಇಳಿಯಬೇಕು. ಹಿಂಭಾಗದಲ್ಲಿ ಕಥೆ ಉಲ್ಟಾ. ಅಲ್ಲಿ ಒಡಲು ಬಿಚ್ಚಿಕೊಂಡು 110 ಮಿಲಿಮೀಟರ್ ಆಗಿರಬಹುದು. 20 ಪಟ್ಟಿ ಪೂರ್ತಿ ಅಗಲ ಇಟ್ಟರೂ 10 ಮಿಲಿಮೀಟರ್ ಖಾಲಿ. ಅಲ್ಲಿ ಚೂಪಾದ ತ್ರಿಕೋನದ ಹೆಚ್ಚುವರಿ ತುಂಡು ನಡುವೆ ತೂರಿಸಬೇಕಾಗುತ್ತದೆ.

ಇಷ್ಟೇ ವಿಷಯ. ಆದರೆ ಇದನ್ನು ಮಾಡದೆ, ಪಟ್ಟಿಯನ್ನು ಪೂರ್ತಿ ಅಗಲದಲ್ಲೇ ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರೆ ಏನಾಗುತ್ತದೆ ನೋಡಿ. ಪಟ್ಟಿ ತನ್ನ ತೆಳು ಮೈಯ ಕಡೆಗೆ ಸಲೀಸಾಗಿ ಬಗ್ಗುತ್ತದೆ. ಅಂಚಿನ ಕಡೆಗೆ, ಅಂದರೆ ಅಗಲದ ದಿಕ್ಕಿನಲ್ಲಿ, ಬಗ್ಗುವುದಿಲ್ಲ. ಮೂತಿಯಲ್ಲಿ ಜಾಗ ಸಾಲದೆ ಅದನ್ನು ಪಕ್ಕಕ್ಕೆ ಒತ್ತಿದರೆ ಅದು ಒಂದು ಅಂಚನ್ನು ಮೇಲಕ್ಕೆತ್ತಿ ತಿರುಚಿಕೊಳ್ಳುತ್ತದೆ. ಮುಂದಿನ ಪಟ್ಟಿ ಆ ಎದ್ದ ಅಂಚಿನ ಮೇಲೆ ಏರುತ್ತದೆ. ಅರ್ಧಕ್ಕೆ ಬಿಟ್ಟ ಒಡಲುಗಳ ಫೋಟೊದಲ್ಲಿ ಕಾಣುವುದು ಇದೇ. ಅಲ್ಲಿ ಬಗ್ಗಿಸುವ ಕೈಯ ತಪ್ಪೇನಿಲ್ಲ, ಭಾಗಾಕಾರ ಮಾಡಿಲ್ಲ ಅಷ್ಟೇ.

ಗುಳೇದಗುಡ್ಡದ ಖಣ ತಂದು ಕುಪ್ಪಸ ಹೊಲಿಯಲು ಕೊಟ್ಟವರಿಗೆ ಇದು ಗೊತ್ತಿರುತ್ತದೆ. ಬಟ್ಟೆ ಸಪಾಟು, ಮೈ ದುಂಡು. ದರ್ಜಿ ಎಳೆದು ಕೂಡಿಸುವುದಿಲ್ಲ, ಟಕ್ಸ್ ಹಿಡಿಯುತ್ತಾನೆ. ಎಲ್ಲಿ ಬಟ್ಟೆ ಹೆಚ್ಚಾಯಿತೋ ಅಲ್ಲಿ ಅದನ್ನು ಕಡಿಮೆ ಮಾಡುತ್ತಾನೆ, ಆಗ ಉಳಿದದ್ದು ತಾನಾಗಿ ದುಂಡಗಾಗುತ್ತದೆ. ಪಟ್ಟಿಯ ತುದಿ ಸಣ್ಣ ಮಾಡುವುದೂ ಅದೇ ಲೆಕ್ಕ.

ಎಷ್ಟು ಸಣ್ಣ ಮಾಡಬಹುದು ಅನ್ನುವುದಕ್ಕೆ ಮಿತಿ ಇದೆ. ಮೂಲ ಅಗಲದ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 5 ಮಿಲಿಮೀಟರ್ ಪಟ್ಟಿ 2.5ರವರೆಗೆ ಸರಿ. ನಿಜ ಹಡಗಿನಲ್ಲೂ ಹೀಗೇ ಇತ್ತು, ಯಾಕಂದರೆ ತೀರಾ ಚೂಪಾದ ಹಲಗೆಯ ತುದಿಗೆ ಮೊಳೆ ಹೊಡೆದರೆ ಸೀಳುತ್ತದೆ, ಸಂದಿಗೆ ನಾರು ತುಂಬಿ ಬಡಿಯುವಾಗ ಕಿತ್ತು ಬರುತ್ತದೆ. ಅದಕ್ಕಿಂತ ಸಣ್ಣ ಬೇಕಾದರೆ ಎರಡು ಹಲಗೆಗಳನ್ನು ಅಲ್ಲಿಗೇ ಮುಗಿಸಿ, ಅವೆರಡರ ಮುಂದೆ ಒಂದೇ ಹಲಗೆ ಹಾಕುತ್ತಿದ್ದರು. ಮಾದರಿಯಲ್ಲೂ ಹಾಗೇ ಮಾಡಬಹುದು, ನೋಡಲೂ ಚೆಂದ.

ಬಗ್ಗಿಸುವುದನ್ನು ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ. ಪಟ್ಟಿಯನ್ನು ಕಾಲು ಗಂಟೆ ನೀರಲ್ಲಿ ನೆನೆಹಾಕಿ. ಬೋರ್ಡಿನ ಮೇಲೆ ಬೇಕಾದ ತಿರುವಿಗೆ ಕ್ಲಿಪ್ ಹಾಕಿ ಹಿಡಿದು, ಹಳೇ ಇಸ್ತ್ರಿ ಪೆಟ್ಟಿಗೆಯನ್ನು ಹಗುರಾಗಿ ಆಡಿಸಿ. ತಣ್ಣಗಾಗುವವರೆಗೆ ಬಿಡಿ. ಬಿಚ್ಚಿದಾಗ ಅದು ಆ ತಿರುವಿನಲ್ಲೇ ಉಳಿದಿರುತ್ತದೆ. ಹೀಗೆ ಕಾಯಿಸಿ ಹಿಡಿದರೆ ಅಂಚಿನ ದಿಕ್ಕಿನಲ್ಲೂ ಸ್ವಲ್ಪ ಬಗ್ಗಿಸಿಕೊಳ್ಳಬಹುದು, ಆದರೆ ಸ್ವಲ್ಪವೇ. ಪೂರ್ತಿ ಒಣಗದೆ ಅಂಟಿಸಬೇಡಿ. ನಮ್ಮ ಕಡೆ ಅದೇನು ದೊಡ್ಡ ತೊಂದರೆ ಅಲ್ಲ, ಏಪ್ರಿಲ್ ಬಿಸಿಲಲ್ಲಿ ಒಂದು ತಾಸು ಸಾಕು.

ಬಿಸಿಲಿನ ಮಾತು ಬಂತಲ್ಲ. ಕಟ್ಟಿಗೆ ಒಣಗಿದಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ಮಳೆಗಾಲದ ತೇವದಲ್ಲಿ ಒತ್ತಿ ಕೂಡಿಸಿದ ಪಟ್ಟಿಗಳ ನಡುವೆ ಬೇಸಿಗೆ ಬಂದಾಗ ಕೂದಲೆಳೆಯ ಸಂದು ಬಿಡುತ್ತದೆ. ಇಪ್ಪತ್ತು ಪಟ್ಟಿಯ ಕುಗ್ಗುವಿಕೆ ಸೇರಿದರೆ ಕಣ್ಣಿಗೆ ಕಾಣುವಷ್ಟಾಗುತ್ತದೆ. ಕಿಟ್ ತಯಾರಿಸುವವರು ಬಾಗಲಕೋಟೆಯ ಮೇ ತಿಂಗಳನ್ನು ನೋಡಿದವರಲ್ಲ. ಹಾಗಾಗಿ ನಾನು ಪಟ್ಟಿಗಳನ್ನು ಬೇಸಿಗೆಯಲ್ಲೇ ಅಂಟಿಸುತ್ತೇನೆ, ಅವು ಕುಗ್ಗುವಷ್ಟು ಕುಗ್ಗಿದ ಮೇಲೆ. ನಿಜವಾದ ಕಟ್ಟಿಗೆ ದೋಣಿಗಳಿಗೂ ಈ ಕಾಟ ಇದೆ. ದಂಡೆಯ ಮೇಲೆ ಬಹಳ ದಿನ ಒಣಗಿದ ದೋಣಿಯನ್ನು ನೀರಿಗಿಳಿಸಿದರೆ ಮೊದಲು ಸೋರುತ್ತದೆ. ಹಲಗೆ ನೀರು ಕುಡಿದು ಉಬ್ಬಿದ ಮೇಲೆ ಸಂದು ತಾನೇ ಮುಚ್ಚುತ್ತದೆ.

ಹಿನ್ನೀರಿನಲ್ಲಿ ಮೀನು ಹಿಡಿಯುವವರ ತೆಪ್ಪಕ್ಕೆ ಈ ತಲೆನೋವೇ ಇಲ್ಲ. ಬಿದಿರಿನ ಬುಟ್ಟಿ, ಅದರ ಮೇಲೆ ಇಡಿಯಾದ ಒಂದೇ ಹೊದಿಕೆ. ಮೊದಲು ಚರ್ಮ ಇತ್ತು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಸಂದೇ ಇಲ್ಲದ ಮೇಲೆ ಸೋರುವುದೆಲ್ಲಿ. ಹೊದಿಕೆ ಹರಿದರೆ ತೇಪೆ. ಹಲಗೆಯ ದೋಣಿಯ ಇಡೀ ಕಷ್ಟ ಇರುವುದು ಹೊದಿಕೆ ನೂರಾರು ತುಂಡಾಗಿರುವುದರಲ್ಲಿ.

ಆ ತುಂಡುಗಳನ್ನು ಕೂಡಿಸುವ ದಾರಿಯೂ ಒಂದೇ ಅಲ್ಲ. ನನ್ನ ಕಿಟ್ಟಿನಂತೆ ಮೊದಲು ಪಕ್ಕೆಲುಬು, ಆಮೇಲೆ ಹಲಗೆ ಅನ್ನುವುದು ಯುರೋಪಿನ ದೊಡ್ಡ ಹಡಗುಗಳ ಕ್ರಮ. ನಮ್ಮ ಪಶ್ಚಿಮ ಕರಾವಳಿಯ ಹಳೆಯ ಹೊಲಿದ ಹಡಗುಗಳಲ್ಲಿ ಇದು ಹಿಂದುಮುಂದು. ಹಲಗೆಗಳನ್ನೇ ಅಂಚಿಗೆ ಅಂಚು ಕೂಡಿಸಿ, ತೂತು ಹಾಕಿ, ತೆಂಗಿನ ನಾರಿನ ಹಗ್ಗದಿಂದ ಹೊಲಿದು ಒಡಲು ಮಾಡುತ್ತಿದ್ದರು. ಪಕ್ಕೆಲುಬು ಆಮೇಲೆ ಒಳಗಿನಿಂದ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಇಂಥ ಹೊಲಿದ ಹಡಗು. ಅಜಂತಾದ 5ನೇ ಶತಮಾನದ ಒಂದು ಚಿತ್ರವನ್ನು ನೋಡಿ, ಕೇರಳದ ಕುಶಲಕರ್ಮಿಗಳು ಕಟ್ಟಿದ್ದು. ಪಕ್ಕೆಲುಬಿನ ಆಸರೆ ಇಲ್ಲದೆ ಗಾಳಿಯಲ್ಲೇ ಆಕಾರ ಹಿಡಿಯಬೇಕಾದರೆ ಒಂದೊಂದು ಹಲಗೆಯ ಅಂಚನ್ನೂ ಎಷ್ಟು ಸರಿಯಾಗಿ ಕತ್ತರಿಸಿರಬೇಕು, ಅಲ್ವಾ? ನಮ್ಮ ಕಿಟ್‌ನಲ್ಲಿ ಪಕ್ಕೆಲುಬು ದಾರಿ ತೋರಿಸುತ್ತದೆ. ಅವರಿಗೆ ದಾರಿ ತೋರಿಸುವುದು ಹಿಂದಿನ ಹಲಗೆ ಮಾತ್ರ.

ಅಂಟಿಸುವಾಗ ಒಂದು ನಿಯಮ ಮರೆಯಬಾರದು. ಎಡಕ್ಕೊಂದು ಪಟ್ಟಿ ಹಾಕಿದರೆ ಬಲಕ್ಕೊಂದು. ಒಂದೇ ಕಡೆ ನಾಲ್ಕೈದು ಹಾಕಿದರೆ ಅವುಗಳ ಎಳೆತಕ್ಕೆ ತೆಳ್ಳನೆಯ ಬೆನ್ನೆಲುಬು ಬಾಗುತ್ತದೆ, ಹಡಗು ಬಾಳೆಕಾಯಿ. ಪಟ್ಟಿ ಹಿಡಿದಿಡಲು ಬಟ್ಟೆ ಒಣಹಾಕುವ ಕ್ಲಿಪ್, ಆಫೀಸಿನ ಬೈಂಡರ್ ಕ್ಲಿಪ್, ಗುಂಡುಸೂಜಿ, ರಬ್ಬರ್ ಬ್ಯಾಂಡ್ ಏನಾದರೂ ನಡೆಯುತ್ತದೆ. ಇದಕ್ಕೆಂದೇ ಮಾರುವ ದುಬಾರಿ ಕ್ಲ್ಯಾಂಪ್‌ಗಳು ನನಗಂತೂ ಬೇಕೆನಿಸಿಲ್ಲ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಸ್ವಲ್ಪ ಸರಿಸಿ ಕೂರಿಸೋಣ ಅನ್ನುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಮೊದಲ ಪದರಕ್ಕೆ ಫೆವಿಕಾಲ್ ಸಾಕು.

ಮೊದಲ ಪದರ ಅಂದೆ, ಯಾಕಂದರೆ ಇಂಥ ಕಿಟ್‌ಗಳಲ್ಲಿ ಎರಡು ಪದರ ಇರುತ್ತದೆ. ಕೆಳಗೆ ಒಂದೂವರೆ ಮಿಲಿಮೀಟರ್ ದಪ್ಪದ ಬಾಸ್‌ವುಡ್, ಮೇಲೆ ಅರ್ಧ ಮಿಲಿಮೀಟರ್‌ನ ವಾಲ್‌ನಟ್. ಕೆಳಗಿನದು ಯಾರಿಗೂ ಕಾಣುವುದಿಲ್ಲ. ಹಾಗಂತ ಬಹಳ ಜನ ಅದನ್ನು ಹೇಗೋ ಮುಗಿಸಿ, ಸಂದಿಗೆಲ್ಲ ಪುಟ್ಟಿ ಮೆತ್ತಿ ಮುಂದೆ ಹೋಗುತ್ತಾರೆ. ಆಕಾರ ಸರಿ ಇದ್ದರೆ ಪುಟ್ಟಿ ಮೆತ್ತಿದ್ದು ಏನೂ ಕೆಡುಕಲ್ಲ. ನನಗೆ ಮಾತ್ರ ಇಡೀ ಕೆಲಸದಲ್ಲಿ ಇಷ್ಟವಾಗುವುದು ಆ ಕಾಣದ ಪದರವೇ. ಲೆಕ್ಕವೆಲ್ಲ ಅಲ್ಲೇ ನಡೆಯುತ್ತದೆ. ಅಲ್ಲಿ ಪಟ್ಟಿಗಳು ಒತ್ತಾಯವಿಲ್ಲದೆ ಮಲಗಿದ್ದರೆ ಎರಡನೆಯ ಪದರ ಸುಲಭ.

ಎರಡನೆಯದರಲ್ಲಿ ಹಲಗೆಯ ಉದ್ದ ನೋಡಿಕೊಳ್ಳಬೇಕು. ಮೂತಿಯಿಂದ ಬಾಲದವರೆಗೆ ಒಂದೇ ಪಟ್ಟಿ ಎಳೆದರೆ ನೋಡಿದವರಿಗೆ ಏನೋ ಸುಳ್ಳು ಅನಿಸುತ್ತದೆ. ಅಷ್ಟುದ್ದದ ಹಲಗೆ ಕೊಡುವ ಮರ ಎಲ್ಲಿದೆ? ನಿಜ ಹಡಗಿನ ಹಲಗೆ 24 ಅಡಿ ಅಂದುಕೊಂಡರೆ 1:50ರಲ್ಲಿ ಹದಿನಾಲ್ಕೂವರೆ ಸೆಂಟಿಮೀಟರ್. ಆ ಉದ್ದಕ್ಕೆ ತುಂಡು ಮಾಡಿ, ತುದಿ ಕೂಡುವ ಜಾಗ ಪಕ್ಕೆಲುಬಿನ ಮೇಲೇ ಬರುವಂತೆ ಹಾಕಬೇಕು. ಒಂದೇ ಪಕ್ಕೆಲುಬಿನ ಮೇಲೆ ಎರಡು ಕೂಡುಜಾಗ ಬಂದರೆ ಅವುಗಳ ನಡುವೆ ಮೂರು ಇಡೀ ಹಲಗೆಯಾದರೂ ಇರಬೇಕು. ನಿಜ ಹಡಗಿನಲ್ಲಿ ಅದು ಗಟ್ಟಿತನದ ಪ್ರಶ್ನೆ. ಅಂಚಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ಡಾಂಬರು ತುಂಬಿದ ಸಂದಿನ ತೆಳು ಕಪ್ಪು ಗೆರೆ ಬರುತ್ತದೆ.

ವಾಲ್‌ನಟ್ ಯಾಕೆ, ಸಾಗವಾನಿ ಹಾಕ್ರಿ ಅಂತ ಕಾಕಾ ಹೇಳಿದ್ದರು. ಹಡಗಿನ ಕಟ್ಟಿಗೆ ಅಂದರೆ ಸಾಗವಾನಿಯೇ, ಅದರಲ್ಲಿ ಅನುಮಾನವಿಲ್ಲ. ಮಲಬಾರಿನ ಸಾಗವಾನಿಯಿಂದ ಮುಂಬೈ ಹಡಗುಕಟ್ಟೆಯಲ್ಲಿ 1817ರಲ್ಲಿ ಕಟ್ಟಿದ ಟ್ರಿಂಕೋಮಲಿ ಅನ್ನುವ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ಈಗಲೂ ನೀರಿನ ಮೇಲಿದೆ. ಓಕ್ ಮರದಲ್ಲಿರುವ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ಸಾಗವಾನಿ ಎಣ್ಣೆ ಮರ, ಮೊಳೆ ಉಳಿಯುತ್ತದೆ. ಆದರೆ ಮಾದರಿಗೆ ಅದೇ ಎಣ್ಣೆ ಅಡ್ಡಿ, ಥಿನ್ನರ್ ಹಾಕಿ ಒರೆಸದಿದ್ದರೆ ಅಂಟು ಬಿಡುತ್ತದೆ. ಇನ್ನೊಂದು, ಅದರ ನಾರು ದೊಡ್ಡದು, ನಾರಿನ ರಂಧ್ರಗಳೂ ದೊಡ್ಡವು. 1:50ರಲ್ಲಿ ಆ ರಂಧ್ರಗಳು ಐವತ್ತು ಪಟ್ಟು ದೊಡ್ಡದಾಗಿ ಕಂಡ ಹಾಗೆ, ಹಲಗೆ ಹಲಗೆಯಾಗಿ ಕಾಣುವುದಿಲ್ಲ. ಮಾದರಿಗೆ ನಾರು ಕಾಣದ ಕಟ್ಟಿಗೆಯೇ ಒಳ್ಳೆಯದು.

ಕೊನೆಗೆ ಉಜ್ಜುವುದು. ಮೂಗಿಗೆ ಮಾಸ್ಕ್ ಇರಲಿ, ವಾಲ್‌ನಟ್ ಧೂಳು ಗಂಟಲು ಕೆರೆಯುತ್ತದೆ. ಅರ್ಧ ಮಿಲಿಮೀಟರ್ ಪದರ ಅನ್ನುವುದೂ ನೆನಪಿರಲಿ, ಜೋರಾಗಿ ಉಜ್ಜಿದರೆ ಕೆಳಗಿನ ಬಿಳಿ ಬಾಸ್‌ವುಡ್ ಇಣುಕುತ್ತದೆ. ಕಣ್ಣಿಗಿಂತ ಬೆರಳನ್ನು ನಂಬಿ. ಕಣ್ಣು ಮುಚ್ಚಿ ಅಂಗೈಯನ್ನು ಮೂತಿಯಿಂದ ಹಿಂದಕ್ಕೆ ಸವರಿದರೆ ಉಬ್ಬು ತಗ್ಗು ತಿಳಿಯುತ್ತದೆ.

ಪುಸ್ತಿಕೆಯ ಪ್ರಕಾರ ಇದರ ಮೇಲೆ, ನೀರಿನ ಗೆರೆಯಿಂದ ಕೆಳಗೆ, ಬಿಳಿ ಬಣ್ಣ ಬಳಿಯಬೇಕು. ಅದಕ್ಕೆ ಕಾರಣವೂ ಇದೆ. ಕಟ್ಟಿಗೆ ತಿನ್ನುವ ಸಮುದ್ರದ ಹುಳುವಿನ ಕಾಟಕ್ಕೆ 18ನೇ ಶತಮಾನದ ಹಡಗುಗಳ ಹೊಟ್ಟೆಗೆ ತಿಮಿಂಗಿಲದ ಎಣ್ಣೆ, ರಾಳ, ಗಂಧಕ ಬೆರೆಸಿದ ಬಿಳಿ ಲೇಪ ಹಚ್ಚುತ್ತಿದ್ದರು. ತಾಮ್ರದ ತಗಡು ಬಂದ ಮೇಲೆ ಅದು ನಿಂತಿತು. ಅಂದರೆ ಇತಿಹಾಸಕ್ಕೆ ನಿಷ್ಠನಾಗಿರಬೇಕಾದರೆ ನಾನು ಬಳಿಯಲೇಬೇಕು. ಬಳಿಯುವುದಿಲ್ಲ. ನವನಗರದಲ್ಲಿ ಸಮುದ್ರದ ಹುಳು ಇಲ್ಲ, ಗೆದ್ದಲು ಇದೆ. ಅದಕ್ಕೆ ಕಪಾಟಿನ ಮೇಲಿನ ಅರೆ ಸಾಕು. ಮನೆಯಲ್ಲಿ ಮಾತ್ರ ಬಿಳಿ ಚೆಂದ ಕಾಣುತ್ತಿತ್ತು ಅನ್ನುತ್ತಾರೆ. ಒಂದು ಕೋಟ್ ಮ್ಯಾಟ್ ವಾರ್ನಿಷ್ ಹೊಡೆದಾಗಿದೆ, ಎರಡನೆಯದು ಈ ಭಾನುವಾರ.